ಮೈದುಂಬಿ

ಸಾಯಂಕಾಲ ಸೋದರತ್ತೆಯ ಮೈಮೇಲೆ ದೇವಿ ಸಪ್ಪಲಮ್ಮ ಬರುತ್ತಾಳೋ ಇಲ್ಲವೋ ಎಂಬುದೊಂದೇ ದೀಪಶ್ರೀಯ ತಲೆಯಲ್ಲಿ ಕೂತಿತ್ತು. ಎದುರಿಗೆ ಸಂಗಮೇಶ್ ದಾಳ ಉರುಳಿಸಿ, ಬಿದ್ದ ಸಂಖ್ಯೆ ನೋಡಿ, "ಈ ಸಲ ಲೆಕ್ಕ ಸರಿಯಾಗಿ ಕೂತ್ಕೊಂಡುಬಿಡ್ತು ನೋಡ್ರಿ ದೀಪಶ್ರೀ" ಎಂದದ್ದು ಅವಳಿಗೆ ಅವನು ಎರಡನೇ ಸಲ ಹೇಳಿದ ಮೇಲೆಯೇ ಕೇಳಿಸಿತು. ಮಹದೇವಪುರದ ಒಂದು ಕಟ್ಟಡದ ಮಹಡಿ, ಕೆಳಗೆ ಟೈರಿನ ಅಂಗಡಿ, ಮೇಲೆ ಇವರ ಆಫೀಸು. ಇಲ್ಲಿ ಇವರು ಮಾಡುವುದು ಆಟ. ಕಂಪ್ಯೂಟರಿನ ಆಟವಲ್ಲ; ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬ ಕತೆ ಹೇಳುತ್ತ, ಉಳಿದವರು ಒಂದೊಂದು ವೇಷ ಹೊತ್ತು, ದಾಳ ಹಾಕುತ್ತ ಆಡುವ ಆಟ. ಆ ವೇಷಗಳಿಗೆ ಕ್ಲಾಸ್ ಎಂದು ಹೆಸರು. ಮಂತ್ರವಾದಿ, ಬೇಟೆಗಾರ, ಮೂಲಿಕೆಯವನು, ಹೀಗೆ. ಯಾವ ಕ್ಲಾಸಿನವರಿಗೆ ಯಾವ ಶಕ್ತಿ, ಅದು ಯಾವಾಗ ಬರುತ್ತದೆ, ಬಂದದ್ದಕ್ಕೆ ಅವರು ಏನು ತೆರಬೇಕು, ಇದನ್ನೆಲ್ಲ ಕೂತು ಯೋಚಿಸಿ ನಿಯಮ ಬರೆಯುವುದು ದೀಪಶ್ರೀಯ ಕೆಲಸ. ಇಂಥದ್ದಕ್ಕೂ ಸಂಬಳ ಕೊಡ್ತಾರಾ ಎಂದು ಅಪ್ಪ ಚಿಕ್ಕಬೈರಪ್ಪ ಇವತ್ತಿಗೂ ಊಟಕ್ಕೆ ಕೂತಾಗ ಕೇಳುತ್ತಾನೆ. ಅವಳು ಇವತ್ತಿಗೂ ನೆಟ್ಟಗೆ ಉತ್ತರ ಕೊಟ್ಟವಳಲ್ಲ.

ಈಗ ಮೇಜಿನ ಮೇಲಿದ್ದದ್ದು ಅವಳೇ ಕಟ್ಟಿದ ಹೊಸ ಕ್ಲಾಸು. ಹೆಸರು ಮೈದುಂಬಿ. ದೇವಿಯನ್ನು ತನ್ನ ಮೈಯೊಳಗೆ ಕರೆದುಕೊಂಡು, ಆ ಹೊತ್ತಿನ ಮಟ್ಟಿಗೆ ತಾನಲ್ಲದವಳಾಗಿ ಮಾತಾಡುವ, ಕಾಣದ್ದನ್ನು ಕಾಣುವ ಹೆಂಗಸು. ಮೊದಲ ಸಲ ಬರೆದಾಗ ದೇವಿ ಬರುವುದನ್ನು ದಾಳಕ್ಕೆ ಬಿಟ್ಟಿದ್ದಳು. ಬಂದರೆ ಬಂದಳು, ಬರದಿದ್ದರೆ ಇಲ್ಲ. ಆಟದ ಲೆಕ್ಕ ತೂಗಿ ನೋಡುವ ಸಂಗಮೇಶ್, ದಾವಣಗೆರೆಯ ಕಡೆಯ ಮೆತ್ತಗಿನ ಮನುಷ್ಯ, ಅವತ್ತು ತಲೆ ಅಲ್ಲಾಡಿಸಿದ್ದ. "ಆಗಂಗಿಲ್ರೀ ಇದು. ಬರ್ತಾಳೋ ಇಲ್ಲೋ ಅಂತ ಕಾಯ್ಕೊಂಡು ಕೂರೋಕೆ ಯಾರು ಆಡ್ತಾರೆ? ಇಂತಿಂಥದ್ದು ಮಾಡಿದ್ರೆ ಬರ್ತಾಳೆ ಅಂತ ಬರೀರಿ. ಬೆಲೆ ಬೇಕಾದ್ರೆ ಜಾಸ್ತಿ ಇಡ್ರಿ. ಆದ್ರೆ ಬರೋದು ಗ್ಯಾರಂಟಿ ಇರ್ಬೇಕು." ಹಾಗೆಯೇ ಬರೆದಳು. ದೇವಿ ಬರುವಾಗಿನ ಲಕ್ಷಣಗಳನ್ನು ಒಂದರ ಹಿಂದೊಂದು ಜೋಡಿಸಿದಳು. ಹಿಂದಿನ ದಿನ ಹೊತ್ತು ಹುಟ್ಟಿದಾಗಿನಿಂದ ಅನ್ನನೀರು ಬಿಡಬೇಕೆಂದು ಬೆಲೆ ಇಟ್ಟಳು. ಕೊನೆಗೊಂದು ಸಾಲು ಹಾಕಿದಳು: ಇಷ್ಟು ಮಾಡಿದರೆ ದೇವಿ ಬಂದೇ ಬರುತ್ತಾಳೆ. ಇವತ್ತು ಆಡಿ ನೋಡಿದವರೆಲ್ಲರಿಗೂ ಅದು ಹಿಡಿಸಿತು. ಕಂಪನಿ ನಡೆಸುವ ಲಾವಣ್ಯ ಮೇಜು ಕುಟ್ಟಿ, "ಸಕ್ಕತ್ತಾಗಿದೆ ದೀಪಾ, ಬಾಕ್ಸ್ ಮೇಲೆ ಇವಳ್ದೇ ಚಿತ್ರ ಹಾಕೋಣ. ಎಲ್ಲಿಂದ ಹಿಡ್ಕೊಂಡ್ ಬಂದೆ ಇವಳ್ನ?" ಎಂದಳು. "ಅಲ್ಲಲ್ಲಿ ಓದಿದ್ದು ಮೇಡಂ" ಎಂದಳು ದೀಪಶ್ರೀ. ನಾಲಿಗೆ ಎಷ್ಟು ಸರಾಗವಾಗಿ ಹೊರಳಿತು! ನಮ್ಮತ್ತೆ ಎನ್ನಲು ಏನು ಧಾಡಿ? ಎಲ್ಲರೂ ಚಪ್ಪಾಳೆ ತಟ್ಟುವಾಗ ಅವಳು ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತ, ಬಿಗಿದಿದ್ದನ್ನೇ ಮತ್ತೆ ಬಿಗಿಯುತ್ತ ಕೂತಿದ್ದಳು.

ಓದಿದ್ದಂತೆ! ಓದಿದ್ದು ಎಲ್ಲಿ, ಅಡುಗೆಮನೆಯ ನೆಲದ ಮೇಲೆ. ಅವರೆಕಾಯಿ ಕಾಲ ಶುರುವಾಗಿತ್ತು. ಮರಿಯಮ್ಮತ್ತೆ ನೆನೆಹಾಕಿದ ಕಾಳನ್ನು ಬೇಸಿನ್ನಿನಲ್ಲಿಟ್ಟುಕೊಂಡು ಒಂದೊಂದೇ ಹಿಸುಕಿ ಬೇಳೆ ಹಾರಿಸುತ್ತಿದ್ದಳು. ಎದುರಿಗೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ದೀಪಶ್ರೀ ಕೇಳುತ್ತಿದ್ದಳು. ಅತ್ತೆ, ಬರುವಾಗ ಮೊದಲು ಎಲ್ಲಿ ಗೊತ್ತಾಗುತ್ತೆ, ಕಾಲಲ್ಲಾ, ಕೈಯಲ್ಲಾ? ತಮಟೆ ಬಡಿಯೋಕೆ ಶುರುವಾದ ಮೇಲಾ, ಮುಂಚೇನಾ? ಕಣ್ಣು ಕತ್ತಲೆ ಬರುತ್ತಾ? ಜನರ ಮಾತು ಕೇಳಿಸುತ್ತಾ? ಅತ್ತೆ ಮೊದಮೊದಲು ನಕ್ಕಳು. "ಅದೆಂಗ್ ಯೋಳ್ಲಿ ಕೂಸೇ. ನಾನಲ್ಲಿ ಇದ್ರೆ ತಾನೆ ಯೋಳಾಕೆ?" ದೀಪಶ್ರೀ ಬಿಡಲಿಲ್ಲ. ತಾಯಿ ತೀರಿಕೊಂಡಾಗ ಇನ್ನೂ ಹಾಲುಹಲ್ಲು ಬೀಳದ ತನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಸಾಕಿದವಳು; ತಾನು ಏನು ಕೇಳಿದರೂ ಇಲ್ಲವೆನ್ನಳು ಎಂಬ ಸಲಿಗೆ. "ಮುಂದಿನ್ ಸಲ ಬಂದಾಗ ಸ್ವಲ್ಪ ಗಮನಿಸಿ ನೋಡತ್ತೆ, ಕಾಲಾ ಕೈಯಾ ಅಂತ. ನಂಗೋಸ್ಕರ." ಅತ್ತೆಯ ಬೆರಳ ತುದಿಯಿಂದ ಬೇಳೆಯೊಂದು ಜಾರಿ ದೀಪಶ್ರೀಯ ಕೆನ್ನೆಗೆ ಬಡಿದು ಇಬ್ಬರೂ ನಕ್ಕಿದ್ದರು. "ಆಯ್ತು ಬುಡು, ನಿನ್ ಆಟುಕ್ಕೆ ತಾನೆ, ನೋಡ್ತೀನಿ" ಎಂದಿದ್ದಳು ಮರಿಯಮ್ಮತ್ತೆ.

ಸ್ಕೂಟರು ರಿಂಗ್ ರೋಡಿನ ಸರ್ವೀಸ್ ರಸ್ತೆಯಲ್ಲಿ ನೀರಿನ ಟ್ಯಾಂಕರಿನ ಹಿಂದೆ ಸಿಕ್ಕಿಹಾಕಿಕೊಂಡಿತು. ಟ್ಯಾಂಕರಿನ ಕೊಳವೆ ಸೋರಿ ರಸ್ತೆಯುದ್ದಕ್ಕೂ ಒಂದು ಗೆರೆ. ಯಾವತ್ತೂ ಹಾರನ್ ಒತ್ತದ ದೀಪಶ್ರೀ ಇವತ್ತು ಒತ್ತಿದ್ದೇ ಒತ್ತಿದ್ದು. ಪಕ್ಕದ ಬೈಕಿನವನು "ಹಾರ್ಕೊಂಡ್ ಹೋಗಿ ಮೇಡಂ" ಎಂದು ಹಲ್ಲು ಕಿರಿದ. ಹಾರಲಾರದೆ ನಿಂತಿರುವಾಗ ನೆನಪಾದದ್ದು ಕಾಲೇಜಿನ ಗೆಳತಿ ದಿವ್ಯಾ. ಹೇಳದೆ ಕೇಳದೆ ಒಂದು ಮಂಗಳವಾರ ಮನೆಗೆ ಬಂದುಬಿಟ್ಟಿದ್ದಳು ಆ ಹುಡುಗಿ. ಮನೆಯ ಮಗ್ಗುಲಿನ ಸಪ್ಪಲಮ್ಮನ ಗುಡಿಯ ಮುಂದೆ ಕೂದಲು ಕೆದರಿಕೊಂಡು, ಅರಿಸಿನದ ಒದ್ದೆ ಸೀರೆಯಲ್ಲಿ ಹೂಂಕರಿಸುತ್ತ ಕೂತಿದ್ದ ಮುದುಕಿಯನ್ನು ನೋಡಿ, ಯಾರೇ ಅದು ಎಂದಳು. "ನಮ್ ಕೆಲಸದೋಳು. ಫಿಟ್ಸ್ ಬರುತ್ತೆ ಪಾಪ" ಎಂದಿದ್ದಳು ದೀಪಶ್ರೀ. ಅತ್ತೆ ಕೇಳಿಸಿಕೊಂಡಿರಲಾರಳು, ಆಗ ಅವಳು ಅಲ್ಲಿರಲೇ ಇಲ್ಲವಲ್ಲ ಎಂದು ಆಮೇಲೆ ಎಷ್ಟು ಸಲ ಸಮಾಧಾನ ಮಾಡಿಕೊಂಡಿದ್ದಾಳೆ. ಆದರೆ ಆ ರಾತ್ರಿ ಊಟಕ್ಕೆ ಬಡಿಸುವಾಗ ಅತ್ತೆ, "ನಿನ್ ಗೆಣೆಕಾತಿಗೆ ಕಾಪಿನೂ ಕೊಡ್ಲಿಲ್ಲ ನಾವು" ಎಂದಷ್ಟೇ ಹೇಳಿ ಮುದ್ದೆಗೆ ಸಾರು ಹಾಕಿದ್ದಳು. ಅಂದು ಮುಚ್ಚಿಟ್ಟವಳನ್ನೇ ಇಂದು ಬಣ್ಣದ ಪೆಟ್ಟಿಗೆಯ ಮೇಲೆ ಹಾಕಲು ಹೊರಟಿದ್ದೇನೆ, ಅದರಲ್ಲೂ ಹೆಸರು ಹೇಳದೆ. ಥೂ, ಎಂಥ ಜನ್ಮ ನನ್ನದು ಎಂದುಕೊಂಡಳು. ಟ್ಯಾಂಕರು ಒಂದಿಷ್ಟು ಮುಂದೆ ಸರಿಯಿತು.

ಆ ಅವರೆಕಾಯಿಯ ಮಾತುಕತೆ ಆದ ಮೇಲಿನ ಮಂಗಳವಾರ ಸಪ್ಪಲಮ್ಮ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ತಮಟೆಯ ಮರೆಪ್ಪ ಕೈ ಸೋಲುವವರೆಗೆ ಬಡಿದ. ಪ್ರಶ್ನೆ ಕೇಳಲು ಬಂದವರು ಚಪ್ಪಲಿ ಹುಡುಕಿಕೊಂಡು ಹೋದರು. ಮೊದಲೆಲ್ಲ ಹಾಗಾದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಸಪ್ಪಲಮ್ಮ ಬರುವುದಕ್ಕೆ ಹೊತ್ತುಗೊತ್ತು ಎಲ್ಲಿತ್ತು? ಒಂದು ಸಲ ಅತ್ತೆ ಅನ್ನ ಬಡಿಸುತ್ತಿರುವಾಗ ಸೌಟು ಹಿಡಿದಂತೆಯೇ ಬಂದಿದ್ದಳು. ಇನ್ನೊಂದು ಸಲ ಎಲ್ಲರೂ ಕಾದು ಕಾದು ಎದ್ದು, ಅತ್ತೆಯೂ ಬಚ್ಚಲಿಗೆ ಹೋಗಿಬರುತ್ತೇನೆಂದು ಎದ್ದಾಗ ಹಿತ್ತಿಲ ಬಾಗಿಲಲ್ಲೇ ಹಿಡಿದುಕೊಂಡಿದ್ದಳು. ಆದರೆ ವಾರದ ಮೇಲೆ ವಾರ ಬರದೇ ಹೋದಾಗ ಚಿಕ್ಕಪ್ಪ ಮುನಿಕೃಷ್ಣನಿಗೆ ಬಾಯಿ ಬಂತು. ಗುಡಿಗೆ ಅಂಟಿಕೊಂಡ ಹಳೆಯ ಹೆಂಚಿನ ಮನೆಯೊಂದೇ ಉಳಿದಿರುವುದು, ಅತ್ತೆ ಇರುವುದು ಅದರಲ್ಲಿ. ಸುತ್ತ ಎಲ್ಲ ಇವರದೇ ಪಿ.ಜಿ. ಕಟ್ಟಡಗಳು. ಅದನ್ನೂ ಕೆಡವಿ ಕಟ್ಟಿಬಿಡುವ ಆಸೆ ಅವನಿಗೆ ಎಂದಿನಿಂದಲೋ. ಅಮ್ಮ ಬರುವ ಮೈ ಇರುವ ಜಾಗವೆಂದು ಕೈ ಹಾಕಿರಲಿಲ್ಲ, ಅಷ್ಟೇ. "ಅಮ್ಮ ಬುಟ್ಟೋದ್ಮೇಲೆ ಇನ್ನೇನೈತಣ್ಣ ಅಲ್ಲಿ? ಅಕ್ಕುನ್ನ ಮಾಲೂರ್ ಕಡೀಕೆ, ಭಾವನ ಊರಿಗೆ ಕಳ್ಸ್‌ಬುಡನಾ. ಮೈದುನನ ಮಕ್ಳವ್ರೆ, ನೋಡ್ಕೋತಾರೆ" ಎಂದ. ಮದುವೆಯಾದ ವರ್ಷವೇ ಗಂಡ ಸತ್ತು, ತಾಳಿ ತೆಗೆದಿಟ್ಟು ತವರಿಗೆ ಬಂದವಳು ಮರಿಯಮ್ಮ. ಆ ಊರಿನ ನೀರಿನ ರುಚಿಯೂ ಈಗ ಅವಳಿಗೆ ನೆನಪಿರಲಿಕ್ಕಿಲ್ಲ. ತವರಿನಲ್ಲಿ ಮೂಲೆಯ ಹೆಂಗಸಾಗಿ ಇದ್ದವಳನ್ನು ಅಮ್ಮ ಬಂದು ತಲೆಯೆತ್ತಿ ನಿಲ್ಲಿಸಿದ್ದಳು. ಅಮ್ಮನಿಲ್ಲದೆ ಆ ಮನೆಯಲ್ಲಿ ಅವಳು ಏನು? ಅಪ್ಪ ಎಂದಿನಂತೆ ಗಂಟಲು ಸರಿಮಾಡಿಕೊಂಡು, "ಈ ಮಂಗಳ್ವಾರ ಒಂದ್ ನೋಡನಾ" ಎಂದ. ಆ ಮಂಗಳವಾರವೇ ಇವತ್ತು.

ಭಾನುವಾರ ಮಧ್ಯಾಹ್ನ ಅತ್ತೆಯೇ ಕರೆದು ಬಾಗಿಲು ಮುಂದೆ ಮಾಡಿ ಹೇಳಿದ್ದಳು. "ನೀನ್ ಯೋಳಿದ್ಯಲ್ಲ ಕೂಸೇ, ಅದಕ್ಕೆ ನೋಡ್ತಾ ಕೂತಿದ್ದೆ. ಕಾಲಾ ಕೈಯಾ ಅಂತ. ಅವತ್ತಿಂದ ಅದೇ ಆಗೋಗೈತೆ. ಬ್ಯಾಡ ಅಂದ್ರೂ ನೋಡ್ತೀನಿ. ನೋಡ್ತಾ ಕೂತೋಳ್ ಮ್ಯಾಲೆ ಎಂಗವ್ವಾ ಬತ್ತಾಳೆ ಅವ್ಳು?" ಬೈಯಲಿಲ್ಲ, ಕಣ್ಣೀರೂ ಹಾಕಲಿಲ್ಲ. ಕೀಲು ಕಿತ್ತುಬಂದ ಬಾಗಿಲನ್ನು ತೋರಿಸಿ ಇದನ್ನು ಹೇಗೆ ಕೂರಿಸುವುದು ಎಂದು ಕೇಳುವವರ ದನಿ. ಕ್ಷಮಿಸು ಎನ್ನಬೇಕಿತ್ತು ದೀಪಶ್ರೀ. ಇಷ್ಟು ದೊಡ್ಡದಕ್ಕೆ ಆ ಪದ ಸಾಲದು ಎನಿಸಿ, ತಾನು ಬರೆದದ್ದನ್ನು ಓದಿ ತೋರಿಸಲೇ ಎಂದಳು. ಹಾಳಾದ ಬಾಯಿ! ಎದುರಿಗಿರುವವಳ ದುಃಖಕ್ಕೆ ತನ್ನ ಬರಹ ತೋರಿಸಲು ಹೋಗುವ ಈ ಬುದ್ಧಿ ಬರೆಯುವವರಿಗಲ್ಲದೆ ಬೇರೆ ಯಾರಿಗೆ ಬರಲು ಸಾಧ್ಯ? ಅತ್ತೆಗೆ ಖುಷಿಯಾದೀತು, ನಿನ್ನನ್ನು ದೇಶವೆಲ್ಲ ಆಡುತ್ತದೆ ಎಂದರೆ ಹಗುರಾದಾಳು ಎಂದುಕೊಂಡಳು. ಕನ್ನಡಕ್ಕೆ ತಿರುಗಿಸಿಕೊಂಡು ನಿಧಾನವಾಗಿ ಓದಿದಳು: ಮೈದುಂಬಿಯ ಲಕ್ಷಣಗಳು, ಅವುಗಳ ಕ್ರಮ, ಬೆಲೆ, ಕೊನೆಯ ಸಾಲು. ಅದರಲ್ಲಿ ಅತ್ತೆ ಹೇಳಿದ್ದೆಷ್ಟು, ಆಟಕ್ಕಾಗಿ ತಾನೇ ಹೊಸೆದದ್ದೆಷ್ಟು ಎಂದು ಬಿಡಿಸಿ ಹೇಳಲಿಲ್ಲ. ಅತ್ತೆ ಕಣ್ಣು ಮುಚ್ಚಿ ಕೇಳಿದಳು. "ಇನ್ನೊಂದ್ ಕಿತ ಓದು" ಎಂದಳು. ಓದಿದಳು. "ಆ ಕೊನೇದು, ಏನಂದೆ?" "ಇಷ್ಟು ಮಾಡಿದರೆ ದೇವಿ ಬಂದೇ ಬರುತ್ತಾಳೆ." ಅತ್ತೆ ತುಟಿಯಲ್ಲೇ ಅದನ್ನು ಅಂದುಕೊಂಡಳು. ಹಿಡಿಸಿತು ಎಂದು ದೀಪಶ್ರೀ ಹಿಗ್ಗಿದಳು.

ದೊಡ್ಡನೆಕ್ಕುಂದಿಯ ಓಣಿಗೆ ತಿರುಗಿದಾಗ ಮರೆಪ್ಪ ತರಗು ಉರಿಸಿ ತಮಟೆ ಕಾಯಿಸುತ್ತಿದ್ದ. ಅಪ್ಪ ಜಗಲಿಯ ಮೇಲೆ ಬಿಳಿ ಪಂಚೆಯಲ್ಲಿ ಕೂತಿದ್ದವನು ಮಗಳನ್ನು ಕಂಡದ್ದೇ ಎದ್ದು ಬಂದ. "ನಿಮ್ಮತ್ತೆಗೆ ನೀನಾದ್ರೂ ಯೋಳು. ನೆನ್ನೆ ಬೆಳಗಿಂದ ಒಂದ್ ಗುಟುಕು ನೀರೂ ಇಳಿಸಿಲ್ಲ ಕಣಮ್ಮ. ಯಾವತ್ತೂ ಇಲ್ಲದ್ದು ಇದೇನು ಹುಚ್ಚು?" ಮಂಗಳವಾರವೆಂದರೆ ಅತ್ತೆ ಬೆಳಿಗ್ಗೆಯೇ ಮುದ್ದೆ ಸೊಪ್ಪಿನ ಸಾರು ಗಡದ್ದಾಗಿ ಹೊಡೆದು, ಹೊಟ್ಟೆ ತುಂಬಿದ್ರೆ ಅಮ್ಮ ಬ್ಯಾಡ ಅಂತಾಳಾ ಎಂದು ನಗುವವಳು. ಉಪವಾಸ ಎಂಬುದು ಸಂಗಮೇಶನ ಕಾಟಕ್ಕೆ ದೀಪಶ್ರೀ ಇಟ್ಟ ಬೆಲೆ. ಇರಲಿಕ್ಕಿಲ್ಲ, ಹೆದರಿಕೆಗೆ ಊಟ ಸೇರಿರಲಿಕ್ಕಿಲ್ಲ, ಅಷ್ಟೇ ಎಂದುಕೊಳ್ಳುತ್ತ ಒಳಗೆ ಹೋದಳು. ಅತ್ತೆ ಮಿಂದು, ಅರಿಸಿನದಲ್ಲಿ ಅದ್ದಿದ ಸೀರೆಯುಟ್ಟು, ಗೋಡೆಗೊರಗಿ ಕೂತಿದ್ದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. "ಅತ್ತೆ, ಒಂಚೂರು ಹಾಲಾದ್ರೂ ಕುಡಿ. ಅದೆಲ್ಲಾ ಆಟಕ್ಕೆ ಬರ್ದಿದ್ದು ಅತ್ತೆ, ನಾನೇ ಸುಮ್ನೆ..." ಅತ್ತೆ ಅವಳ ಬಾಯಿಯ ಮೇಲೆ ಕೈಯಿಟ್ಟಳು. "ಸುಮ್ಕಿರು. ನೀನ್ ಇವತ್ತು ನನ್ ಮುಂದೇನೆ ನಿಂತ್ಕೋಬೇಕು ತಿಳೀತಾ? ಆ ಕಡಿ ಈ ಕಡಿ ಓಗ್‌ಬ್ಯಾಡ" ಎಂದಳು. ಹೊರಗೆ ಮುನಿಕೃಷ್ಣ ಯಾರನ್ನೋ ಜೋರಾಗಿ ಕರೆಯುತ್ತಿದ್ದ. ಆಗಲೇ ಹೇಳಿಬಿಡಬೇಕಿತ್ತು, ಬಾಯಿಯ ಮೇಲಿನ ಕೈ ಸರಿಸಿಯಾದರೂ. ಅವಳು ತಲೆಯಾಡಿಸಿದಳು.

ಗುಡಿಯೆಂದರೆ ಬೇವಿನ ಮರದ ಬುಡದಲ್ಲಿ ಆಳೆತ್ತರದ ಗೂಡು, ಒಳಗೆ ಅರಿಸಿನ ಮೆತ್ತಿದ ಕಲ್ಲುಗಳು. ಮಗ್ಗುಲಲ್ಲೇ ಟ್ರಾನ್ಸ್‌ಫಾರ್ಮರು. ಸಾಯಂಕಾಲದ ಬಿಸಿಲು ಇನ್ನೂ ಪಿ.ಜಿ. ಕಟ್ಟಡಗಳ ಮೇಲುಮಹಡಿಯಲ್ಲಿತ್ತು, ಅಲ್ಲಿನ ಹುಡುಗಿಯರು ಒಣಹಾಕಿದ ಬಟ್ಟೆಗಳ ಸಂದಿಯಿಂದ ಬಗ್ಗಿ ನೋಡುತ್ತಿದ್ದರು. ಅತ್ತೆ ಮಣೆಯ ಮೇಲೆ ಕೂತಳು. ಸಾಂಬ್ರಾಣಿಯ ಹೊಗೆ ಎದ್ದಿತು, ಮರೆಪ್ಪನ ತಮಟೆ ನಿಧಾನಕ್ಕೆ ಹತ್ತಿತು. ಗಾರ್ಮೆಂಟ್ಸಿಗೆ ಹೋಗುವ ಇಬ್ಬರು ಹೆಂಗಸರು, ಮಗುವನ್ನು ಹೆಗಲಿಗೆ ಹಾಕಿಕೊಂಡ ಒಬ್ಬ ಆಟೋದವನು, ಮನೆಯವರೆಲ್ಲ ಸುತ್ತ ನಿಂತಿದ್ದರು. ದೀಪಶ್ರೀ ಎದುರಿಗೇ ನಿಂತಳು. ಬಾ ತಾಯಿ, ಇದೊಂದು ಸಲ ಬಾ, ನನ್ನ ತಪ್ಪಿಗೆ ಇವಳನ್ನು ಬಿಡಬೇಡ ಎಂದು ಅವಳು ಬೇಡಿಕೊಳ್ಳುತ್ತಿದ್ದಳು. ನಂಬಿಕೆ ಇದ್ದವಳಲ್ಲ. ಆದರೂ ಬೇಡಿಕೊಂಡಳು. ಅತ್ತೆ ಆಕಳಿಸಿದಳು, ಮತ್ತೆ, ಮತ್ತೆ ಆಕಳಿಸಿದಳು. ಸುತ್ತಲಿದ್ದವರಲ್ಲಿ ಗುಜುಗುಜು ಎದ್ದಿತು. ಆಕಳಿಕೆ ನಿಜ, ಹಿಂದೆಯೂ ಬರುತ್ತಿತ್ತು. ಬಂದಳು, ಬಂದಳು ಎಂದು ದೀಪಶ್ರೀಯ ಕಣ್ಣಲ್ಲಿ ನೀರು ತುಂಬಿತು. ಆಮೇಲೆ ಅತ್ತೆಯ ಬಲಗೈ ತೊಡೆಯ ಮೇಲಿಂದ ಮೇಲೆದ್ದು, ಕಿರುಬೆರಳು ಒಳಗೆ ಮಡಿಚಿತು, ಅದರ ಪಕ್ಕದ್ದು ಮಡಿಚಿತು, ಒಂದೊಂದೇ, ಬಿಡಿಬಿಡಿಯಾಗಿ, ಹೆಬ್ಬೆರಳಿನವರೆಗೆ. ದೀಪಶ್ರೀಯ ಕಣ್ಣೀರು ಅಲ್ಲೇ ಆರಿತು. ಬೆರಳು ಮಡಿಚುವುದು ಸಪ್ಪಲಮ್ಮನದಲ್ಲ. ಮೇಜಿನ ಸುತ್ತ ಕೂತವರಿಗೆ ಕಣ್ಣಿಗೆ ಕಾಣುವಂಥದ್ದು ಏನಾದರೂ ಬೇಕೆಂದು ಅವಳೇ, ಕುಂದಲಹಳ್ಳಿಯ ಸಿಗ್ನಲ್ಲಿನಲ್ಲಿ ನಿಂತಿದ್ದಾಗ, ಸ್ಕೂಟರಿನ ಹಿಡಿಯ ಮೇಲೆ ತನ್ನ ಬೆರಳುಗಳನ್ನೇ ಮಡಿಚಿ ನೋಡಿ ಸೇರಿಸಿದ್ದು. ಮುಂದಿನದು ಎಡಗೈಯಿಂದ ಮುಡಿ ಬಿಚ್ಚುವುದು. ಅತ್ತೆ ಎಡಗೈಯಿಂದ ಮುಡಿ ಬಿಚ್ಚಿದಳು. ಅದಾದ ಮೇಲೆ ಉಸಿರು ಬಿಗಿಹಿಡಿದು ಹಲ್ಲ ಸಂದಿಯಿಂದ ಬಿಡುವುದು. ಅತ್ತೆ ಉಸಿರು ಬಿಗಿಹಿಡಿದಳು. ಒಂದೂ ಹಿಂದುಮುಂದಾಗಲಿಲ್ಲ. ಓದು ಬಾರದ ಮುದುಕಿ ಎರಡೇ ಸಲ ಕೇಳಿ ಅಷ್ಟನ್ನೂ ಬಾಯಿಪಾಠ ಮಾಡಿಕೊಂಡಿದ್ದಳು.

"ಅಮ್ಮಾ ತಾಯಿ!" ಎಂದು ಹೆಂಗಸರು ಅಡ್ಡಬಿದ್ದರು. ಅಪ್ಪ ಕೆನ್ನೆ ಕೆನ್ನೆ ಬಡಿದುಕೊಂಡು ಕಣ್ಣೊರೆಸಿಕೊಂಡ. ಅಕ್ಕನನ್ನು ಕಳಿಸಬೇಕಾಗಿಲ್ಲವಲ್ಲ ಎಂಬ ನಿರಾಳ ಅವನ ಮುಖದಲ್ಲಿ ಎದ್ದು ಕಾಣುತ್ತಿತ್ತು. ಆದರೆ ಮುನಿಕೃಷ್ಣ ಬಾಗಲಿಲ್ಲ. ಅಷ್ಟು ವಾರ ಬರದವಳು ಇವತ್ತು ಹೇಳಿದ ಹೊತ್ತಿಗೆ ಸರಿಯಾಗಿ, ಮೆಟ್ಟಿಲು ಹತ್ತಿದ ಹಾಗೆ ಬಂದದ್ದು ಅವನಿಗೆ ಸರಿಬರಲಿಲ್ಲ. ಹಾಗೆ ನೋಡಿದರೆ ಅವನಿಗೆ ದೇವರ ಭಯವಿತ್ತು, ಅದಕ್ಕೇ ಕೇಳಿದ. "ತಪ್ಪು ತಿಳ್ಕೋಬ್ಯಾಡ ತಾಯಿ. ನೀನೇ ಬಂದಿದ್ರೆ ಕೈ ಒಡ್ಡು. ಕರ್ಪೂರ ಹಚ್ತೀನಿ" ಎಂದ. ತಮಟೆ ತಡವರಿಸಿತು. ಅಂಗೈ ಮೇಲೆ ಕರ್ಪೂರ ಉರಿಸಿ ನೋಡುವುದು ಹಳೆಯ ಪದ್ಧತಿಯೇ. ಹಿಂದೆಲ್ಲ ಅತ್ತೆ ಕೇಳದಿದ್ದರೂ ತಾನೇ ಒಡ್ಡುತ್ತಿದ್ದಳು. ಉರಿದು ಬೂದಿಯಾದ ಮೇಲೆ ಪುಟ್ಟ ದೀಪಶ್ರೀ ಓಡಿಹೋಗಿ ಆ ಅಂಗೈಯನ್ನು ಹಿಂದೆ ಮುಂದೆ ತಿರುಗಿಸಿ, ಉಜ್ಜಿ, ಒಂದು ಬೊಬ್ಬೆಯೂ ಇಲ್ಲವೆಂದು ಎಲ್ಲರಿಗೂ ಸಾರಿ ಬರುತ್ತಿದ್ದಳು. ಇವತ್ತಿನ ಕೈ ಬೇರೆ. ಇವತ್ತು ಆ ಮೈಯಲ್ಲಿ ಅತ್ತೆಯ ಹೊರತು ಇನ್ನಾರೂ ಇಲ್ಲವೆಂದು ಆ ಗುಂಪಿನಲ್ಲಿ ಬಲ್ಲವಳು ತಾನೊಬ್ಬಳೇ. ಬೇಡ ಚಿಕ್ಕಪ್ಪ ಎನ್ನಬೇಕೆಂದುಕೊಂಡಳು. ಅಂದರೆ ಏನಾಗುತ್ತದೆ? ಯಾಕೆ ಬೇಡ ಎನ್ನುತ್ತಾರೆ. ಅಮ್ಮನಿಗೆ ಸುಡುತ್ತದೆಯೇ ಎನ್ನುತ್ತಾರೆ. ಸುಟ್ಟೀತು ಎಂದು ಹೆದರಿದವಳೇ ಅಲ್ಲಿ ಅಮ್ಮನಿಲ್ಲವೆಂದು ಹೇಳಿದಂತಾಯಿತು. ನಾಳೆಯೇ ಮಾಲೂರಿನ ಬಸ್ಸು. ಅನ್ನದೆ ಹೋದರೆ? ಯೋಚಿಸುತ್ತಿದ್ದಂತೆಯೇ ಅತ್ತೆಯ ಮಡಿಚಿದ ಬೆರಳುಗಳು ಬಿಚ್ಚಿಕೊಂಡವು. ಅಂಗೈ ಮುಂದೆ ಬಂತು. ಅತ್ತೆ ದೀಪಶ್ರೀಯನ್ನೇ ನೋಡುತ್ತಿದ್ದಳು, ಬಡಿಸುವಾಗ ಇನ್ನೊಂದು ಸೌಟು ಹಾಕಲೇ ಎಂದು ನೋಡುವ ಅವಳದೇ ಕಣ್ಣು.

ಮುನಿಕೃಷ್ಣ ದಪ್ಪನೆಯ ಬಿಲ್ಲೆಯನ್ನೇ ಇಟ್ಟ. ಕಡ್ಡಿ ಗೀರಿದ. ದೀಪಶ್ರೀ ಏನು ಮಾಡಿದಳು? ಕೈ ಮುಗಿದಳು. "ತಾಯೀ" ಎಂದಳು. ಎಲ್ಲರ ಕೂಗಿನ ನಡುವೆ ಅವಳ ಕೂಗೇ ಗಟ್ಟಿಯಾಗಿ ಕೇಳಿತು. ಓದಿದ ಹುಡುಗಿ ಹೀಗೆ ಕೂಗುವುದನ್ನು ಕಂಡು ಮೇಲುಮಹಡಿಯ ಹುಡುಗಿಯರೂ ಕೈ ಮುಗಿದರು. ಕರ್ಪೂರ ಉರಿಯಿತು. ಇಷ್ಟು ಸಣ್ಣ ಬಿಲ್ಲೆ ಇಷ್ಟು ಹೊತ್ತು ಉರಿಯುತ್ತದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅತ್ತೆಯ ಕೈ ಅಲುಗಲಿಲ್ಲ. ಕತ್ತಿನ ನರಗಳು ಉಬ್ಬಿ, ಒಣಗಿದ ತುಟಿ ಒಡೆದು ಒಂದು ಕಡೆ ರಕ್ತ ಜಿನುಗಿತು. ಆರಿಸಿ, ಯಾರಾದರೂ ಆರಿಸಿ ಎಂದು ಒಳಗೇ ಕಿರುಚುತ್ತ ದೀಪಶ್ರೀ ಹೊರಗೆ ತಾಯೀ ತಾಯೀ ಎನ್ನುತ್ತಲೇ ಇದ್ದಳು. ಕೊನೆಗೆ ಅದು ಆರಿತು. ಮುನಿಕೃಷ್ಣ ಧೊಪ್ಪೆಂದು ಕಾಲಿಗೆ ಬಿದ್ದ. "ತಪ್ಪಾಯ್ತು ನಮ್ಮವ್ವ, ತಪ್ಪಾಯ್ತು. ಏನ್ ಮಾಡ್ಬೇಕು ಯೋಳು" ಎಂದು ಮಗುವಿನಂತೆ ಅತ್ತ. "ಈ ಜಾಗ ಬುಟ್ಟು ನಾನೆಲ್ಲೂ ಓಗಲ್ಲ" ಎಂದಳು ಮರಿಯಮ್ಮ. "ಬ್ಯಾಡ ತಾಯಿ, ಓಗ್‌ಬ್ಯಾಡ" ಎಂದ ಅವನು. ಹೆಂಚಿನ ಮನೆ ಉಳಿಯಿತು. ಆಟೋದವನು ಮಗುವನ್ನು ಅವಳ ಮುಂದೆ ಮಲಗಿಸಿದ. ಅವಳು ಎಡಗೈಯಿಂದ ಬೇವಿನ ಸೊಪ್ಪು ಸವರಿದಳು. ಬಲಗೈ ಮುಷ್ಟಿ ಕಟ್ಟಿ ಸೆರಗಿನೊಳಗೆ ಹೋಗಿತ್ತು.

ಜನ ಕರಗುವಷ್ಟರಲ್ಲಿ ದೀಪಶ್ರೀ ಓಣಿಯ ಕೊನೆಯ ಮೆಡಿಕಲ್ ಶಾಪಿಗೆ ಓಡಿ ಸುಟ್ಟ ಗಾಯದ ಮುಲಾಮು ತಂದಳು. ಹೆಂಚಿನ ಮನೆಯ ಬಾಗಿಲು ಹಾಕಿ ಅಗುಳಿಯಿಟ್ಟಳು. ಅತ್ತೆ ಗೋಡೆಗೊರಗಿದ್ದಳು, ಕೈ ಇನ್ನೂ ಸೆರಗಿನಲ್ಲಿ. ಮುಲಾಮು ಕಂಡದ್ದೇ ತಲೆ ಅಲ್ಲಾಡಿಸಿದಳು. "ಒಳಿಕ್ಕಿಡು ಅದುನ್ನ. ಯಾರಾನ ನೋಡಿದ್ರೆ?" "ಯಾರೂ ಇಲ್ಲತ್ತೆ, ಬಾಗಿಲು ಹಾಕಿದೀನಿ. ತೋರ್ಸು ಅತ್ತೆ, ದಮ್ಮಯ್ಯ." ತೋರಿಸಲಿಲ್ಲ. ನೀರು ಕೊಟ್ಟಳು, ಅತ್ತೆ ಲೋಟ ಹಿಡಿಯದೆ ಬಾಯೊಡ್ಡಿದಳು. ದೀಪಶ್ರೀ ನಿಧಾನವಾಗಿ ಕುಡಿಸಿದಳು. ಅರ್ಧ ನೀರು ಗಲ್ಲದ ಮೇಲೆ ಹರಿದು ಅರಿಸಿನದ ಸೀರೆಯೊಳಗೆ ಇಳಿಯಿತು. ಈಗ ಬೈಯಲಿ, ನನ್ನನ್ನು ಈ ನಾಟಕಕ್ಕೆ ಇಳಿಸಿದೆಯಲ್ಲೇ ಮುಂಡೇದೇ ಎನ್ನಲಿ, ಕಪಾಳಕ್ಕೊಂದು ಬಿಗಿಯಲಿ ಎಂದು ಕಾಯುತ್ತ ಅವಳು ಅತ್ತೆಯ ಕಾಲ ಬಳಿ ಕೂತಳು. ಹೊರಗೆ ಮುನಿಕೃಷ್ಣ ಯಾರಿಗೋ ಫೋನಿನಲ್ಲಿ, ಅಮ್ಮ ಬಂದಿದ್ಲು ಕಣಯ್ಯಾ, ನನ್ ಕಣ್ಣಾರೆ ನೋಡ್ದೆ, ಕರ್ಪೂರ ಇಟ್ರೂ ಮಿಸುಕಾಡ್ಲಿಲ್ಲ ಎನ್ನುತ್ತಿದ್ದ.

"ದೀಪಾ" ಎಂದಳು ಅತ್ತೆ. ದನಿ ತೀರ ಸಣ್ಣದಾಗಿತ್ತು. "ಬಂದಿದ್ಲಾ?"

ದೀಪಶ್ರೀಗೆ ಅರ್ಥವಾಗಲಿಲ್ಲ. ತಲೆಯೆತ್ತಿ ನೋಡಿದಳು. ಅತ್ತೆಯ ಮುಖದಲ್ಲಿ ಕಪಟವಿರಲಿಲ್ಲ, ಮೂದಲಿಕೆಯೂ ಇರಲಿಲ್ಲ. ಪರೀಕ್ಷೆಯ ಫಲಿತಾಂಶ ಕೇಳುವವರ ಆಸೆಯಷ್ಟೇ ಇತ್ತು. "ನೀನ್ ಬರೆದಂಗೇ ಮಾಡ್ದೆ ಕೂಸೇ. ಒಂದೂ ಬುಡ್ಲಿಲ್ಲ. ಆಕಳಿಕೆ, ಬೆರಳು, ಮುಡಿ, ಉಸ್ರು. ನೀರೂ ಕುಡೀಲಿಲ್ಲ. ಇಷ್ಟು ಮಾಡುದ್ರೆ ಬಂದೇ ಬತ್ತಾಳೆ ಅಂತ ಓದ್ದೆಯಲ್ಲ. ಅದಕ್ಕೇ ನಿನ್ ಮುಂದೆ ನಿಂತ್ಕೋ ಅಂದಿದ್ದು. ನಂಗಂತೂ ತಿಳೀಲಿಲ್ಲ. ನಿಂಗ್ ಗೊತ್ತಾಯ್ತದಲ್ಲ. ಬಂದಿದ್ಲಾ?"

ಅಯ್ಯೋ ದೇವರೇ. ನಾಟಕ ಆಡಿರಲಿಲ್ಲ ಇವಳು. ಊರನ್ನು ನಂಬಿಸಲು ಮಾಡಿದ್ದಲ್ಲ ಇದು. ಸಂಗಮೇಶನ ಲೆಕ್ಕ ಸರಿಹೋಗಲೆಂದು, ಲಾವಣ್ಯ ಮೇಜು ಕುಟ್ಟಲೆಂದು ತಾನು ಸೇರಿಸಿದ ಒಂದು ಸಾಲನ್ನು ಈ ಮುದುಕಿ ನಂಬಿದ್ದಳು. ಓದಿದ ಮಗಳು ಬರೆದದ್ದಲ್ಲವೇ, ಸುಳ್ಳಾಗುವುದುಂಟೇ ಎಂದು, ತನ್ನನ್ನು ಬಿಟ್ಟುಹೋದವಳನ್ನು ಕರೆಯಲು ಬೆರಳು ಮಡಿಚಿ, ಕೈಯೊಡ್ಡಿ, ಉರಿಯುವಷ್ಟು ಹೊತ್ತೂ ಕಾದಿದ್ದಳು. ಇನ್ನು ಮುಂದಿನ ಮಂಗಳವಾರವೂ ಹೀಗೆಯೇ ಕಾಯುತ್ತಾಳೆ. ನಿಜ ಹೇಳಬೇಕು ಎಂದುಕೊಂಡಳು ದೀಪಶ್ರೀ. ಅವಳು ಬರಲಿಲ್ಲ ಅತ್ತೆ, ಬೆರಳು ನಾನೇ ಹುಟ್ಟಿಸಿದ್ದು, ಕೊನೆಯ ಸಾಲು ಸುಳ್ಳು. ಹೇಳಿದರೆ ಇವಳಿಗೆ ಉಳಿಯುವುದಾದರೂ ಏನು ಎಂದೂ ಅನಿಸಿತು. ಬಾಯಿ ತೆರೆದಾಗ ಯಾವುದು ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

"ಬಂದಿದ್ಲು ಅತ್ತೆ" ಎಂದಳು.

ಮರಿಯಮ್ಮ ತಲೆದೂಗಿದಳು. ಸೆರಗಿನೊಳಗಿಂದ ಬಲಗೈ ಹೊರತೆಗೆದು ತೊಡೆಯ ಮೇಲಿಟ್ಟು, ಅಂಟಿಕೊಂಡಿದ್ದ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಬಿಡಿಸಿದಳು. ಕೆಂಪಗೆ, ಕಪ್ಪಗೆ, ಚರ್ಮ ಸುಲಿದುಬಂದ ಅಂಗೈಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ದೀಪಶ್ರೀಯ ಮುಂದೆ ಚಾಚಿ ಕೇಳಿದಳು.

"ಮತ್ಯಾಕವ್ವಾ ಉರೀತೈತೆ?"